ಮಕ್ಕಳ ರಕ್ಷಣಾ ಸಿಬ್ಬಂದಿಯ ಕೆಲಸದ ಸ್ಥಿತಿಗತಿ: ಯೂನಿಯನ್ ಸಮಾಲೋಚನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊಟದ ಬಿಡುವಿನಲ್ಲಿ, ಮೀಟಿಂಗ್ ಮುಗಿದ ಮೇಲೆ ಬಾಗಿಲ ಹತ್ತಿರ, ಹೆಸರಿಲ್ಲದ ಪತ್ರಗಳಲ್ಲಿ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದಕ್ಕೇ ಇಲ್ಲಿ ಹೆಚ್ಚಾಗಿ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಹಿಡಿದು ಮಾತಾಡಿದ್ದೇವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಮೊದಲಿನಿಂದ ಓದಲೇಬೇಕೆಂದಿಲ್ಲ.

## ಶುರುವಿನ ಪ್ರಶ್ನೆಗಳು

ಸಮಾಲೋಚನೆ ಅಂದ್ರೆ ಸಂಬಳದ ಮಾತುಕತೇನೇ ಅಲ್ವಾ?

ಅಲ್ಲ. ಸಂಬಳದ ಮಾತುಕತೆ ಸಾಮೂಹಿಕ ಚೌಕಾಸಿ. ಅಲ್ಲಿ ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರೆ ಮಾತ್ರ ಕೆಲಸ ಆಯಿತು. ಸಮಾಲೋಚನೆಯಲ್ಲಿ ಕೊನೆಯ ತೀರ್ಮಾನ ಮ್ಯಾನೇಜ್‌ಮೆಂಟಿನದೇ. ಆದರೆ ತೀರ್ಮಾನಕ್ಕೆ ಮುಂಚೆ ಅವರು ತಮ್ಮ ಯೋಜನೆಯನ್ನು ನಮ್ಮ ಮುಂದೆ ಇಡಬೇಕು, ನಾವು ಹೇಳಿದ್ದನ್ನು ಕೇಳಬೇಕು, ಒಪ್ಪದಿದ್ದರೆ ಯಾಕೆ ಅಂತ ಕಾರಣ ಕೊಡಬೇಕು.

ಹಾಗಾದರೆ ಇದು ದುರ್ಬಲ ಅಂತ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಪಾಳಿ ಬದಲಾವಣೆ, ಹೊಸ ಸಾಫ್ಟ್‌ವೇರ್, ಒಂಟಿಯಾಗಿ ಮನೆ ಭೇಟಿ, ಕೇಸು ಹಂಚುವ ರೀತಿ, ಇವೆಲ್ಲ ಬಹಳ ಕಡೆ ಸಂಬಳದ ಒಪ್ಪಂದದಲ್ಲಿ ಬರುವುದೇ ಇಲ್ಲ. ನಮ್ಮ ದಿನ ಹೇಗೆ ಕಳೆಯುತ್ತದೆ ಅನ್ನುವುದನ್ನು ನಿರ್ಧರಿಸುವುದು ಇವೇ. ಸುರಕ್ಷತೆಯ ವಿಷಯದಲ್ಲಂತೂ ಸಿಬ್ಬಂದಿಯ ಪ್ರತಿನಿಧಿಗಳನ್ನು ಕೇಳಲೇಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಪ್ಪಂದ ಹೇಳುತ್ತದೆ. 2022ರಲ್ಲಿ ಆ ಸಂಸ್ಥೆ ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು.

ನಾನು ಡ್ರೈವರ್. ನನಗೂ ಇದರಲ್ಲಿ ಮಾತಾಡೋಕೆ ಏನಿದೆ?

ಬಹಳ ಇದೆ. ಮಕ್ಕಳ ರಕ್ಷಣೆ ಅಂದ ತಕ್ಷಣ ಎಲ್ಲರ ಕಣ್ಣು ಸಮಾಜ ಕಾರ್ಯಕರ್ತರ ಮೇಲೆ ಹೋಗುತ್ತದೆ. ಆದರೆ ಸಹಾಯವಾಣಿಯಲ್ಲಿ ಫೋನ್ ಎತ್ತುವವರು, ಮಕ್ಕಳ ಮನೆಯ (ಮಕ್ಕಳನ್ನು ಇರಿಸಿಕೊಂಡು ನೋಡಿಕೊಳ್ಳುವ ಸಂಸ್ಥೆಯ) ರಾತ್ರಿ ಪಾಳಿಯವರು, ಆಪ್ತ ಸಮಾಲೋಚಕರು, ಟೈಪಿಸ್ಟ್, ಅಡುಗೆಯವರು, ಡ್ರೈವರ್ ಎಲ್ಲರೂ ಈ ಕೆಲಸದವರೇ. ಅಳುತ್ತಿರುವ ಮಗು ಹಿಂದಿನ ಸೀಟಿನಲ್ಲಿದ್ದಾಗ, ಬೆನ್ನಟ್ಟಿ ಬಂದ ಸಂಬಂಧಿಕರು ಕಾರಿನ ಬಾನೆಟ್ ಬಡಿಯುತ್ತಿದ್ದಾಗ ಸ್ಟಿಯರಿಂಗ್ ಹಿಡಿದಿದ್ದವರು ನೀವು. ಸುರಕ್ಷತೆಯ ಚರ್ಚೆಯಲ್ಲಿ ನಿಮ್ಮ ಮಾತು ಇಲ್ಲದಿದ್ದರೆ ಆ ಚರ್ಚೆ ಅರ್ಧ.

ನಾನು ಯೂನಿಯನ್ ಸದಸ್ಯ ಅಲ್ಲ. ಸಮಾಲೋಚನೆಗೆ ಮುಂಚೆ ಮಾಡುವ ಸಿಬ್ಬಂದಿ ಸರ್ವೆ ತುಂಬಬಹುದಾ?

ಸಾಮಾನ್ಯವಾಗಿ ಹೌದು. ಕೆಲಸದ ಸ್ಥಿತಿ ಬದಲಾದರೆ ಸದಸ್ಯರಿಗೂ ಅಲ್ಲದವರಿಗೂ ಒಟ್ಟಿಗೇ ಬದಲಾಗುತ್ತದೆ. ಯೂನಿಯನ್ನಿನ ನಿಲುವಿನ ಮೇಲೆ ವೋಟು ಹಾಕುವುದು ಮಾತ್ರ ಸದಸ್ಯರ ಹಕ್ಕು.

ಗುತ್ತಿಗೆ ಮೇಲಿದ್ದೀನಿ. ಹೆಸರು ಹೊರಗೆ ಬಂದ್ರೆ ಮುಂದಿನ ಸಲ ರಿನ್ಯೂ ಮಾಡಲ್ಲ. ಸುಮ್ನಿರೋದೇ ವಾಸಿ ಅಲ್ವಾ?

ನಿಮ್ಮ ಭಯ ಸುಳ್ಳಲ್ಲ. ಯೂನಿಯನ್ ಚಟುವಟಿಕೆಗಾಗಿ ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಪ್ಪಂದ ಹೇಳುತ್ತದೆ, ಸರಿ. ಆದರೆ ಎಲ್ಲ ದೇಶಗಳೂ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಭಾರತವೂ ಕೊಟ್ಟಿಲ್ಲ, ಅಮೆರಿಕವೂ ಕೊಟ್ಟಿಲ್ಲ. ಅಲ್ಲದೆ ಗುತ್ತಿಗೆಯವರನ್ನು ಯಾರೂ 'ತೆಗೆಯುವುದಿಲ್ಲ', ಅವಧಿ ಮುಗಿಯಿತು ಅಂತಾರೆ ಅಷ್ಟೇ. ಅದನ್ನು ಪ್ರಶ್ನಿಸುವುದು ಕಷ್ಟ.

ಅದಕ್ಕೆ ದಾರಿ ಸುಮ್ಮನಿರುವುದಲ್ಲ, ಒಬ್ಬರೇ ಮಾತಾಡದಿರುವುದು. ಹೇಳಬೇಕಾದ್ದನ್ನು ಪ್ರತಿನಿಧಿಯ ಬಾಯಲ್ಲಿ ಹೇಳಿಸಿ. ಪತ್ರಕ್ಕೆ ಹತ್ತು ಜನ ಒಟ್ಟಿಗೆ ಸಹಿ ಹಾಕಿ, ಅದರಲ್ಲಿ ಕಾಯಂ ನೌಕರರ ಸಹಿ ಮೇಲಿರಲಿ. ಸರ್ವೆಯಲ್ಲಿ ಹೆಸರು ಕೇಳದಿದ್ದರೂ ಹುಷಾರು: ಹುದ್ದೆ, ಎಷ್ಟು ವರ್ಷದ ಸೇವೆ, ಯಾವ ತಂಡ ಅನ್ನುವ ಮೂರು ಕಾಲಂ ತುಂಬಿದರೆ ನಾಲ್ಕು ಜನರ ತಂಡದಲ್ಲಿ ನೀವು ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ. ಸಣ್ಣ ತಂಡಗಳ ಉತ್ತರವನ್ನು ಬೇರೆಯಾಗಿ ತೋರಿಸುವುದಿಲ್ಲ, ದೊಡ್ಡ ಗುಂಪಿನಲ್ಲಿ ಸೇರಿಸುತ್ತೇವೆ ಅಂತ ಸರ್ವೆ ಮಾಡುವವರಿಂದ ಮೊದಲೇ ಬರೆಸಿಕೊಳ್ಳಿ.

ಮಕ್ಕಳು ಅಷ್ಟು ಕಷ್ಟದಲ್ಲಿರುವಾಗ ನಮ್ಮ ರಜೆ, ನಮ್ಮ ಓವರ್‌ಟೈಂ ಅಂತ ಕೂರೋದು ಸರಿ ಅನಿಸುತ್ತಾ?

ಈ ಪ್ರಶ್ನೆಯನ್ನು ಮೇಲಿನವರು ಕೇಳಿದಾಗ ನಮಗೆ ಕೋಪ ಬರುತ್ತದೆ. ನಮ್ಮವರೇ ಕೇಳಿದಾಗ ಬೇಜಾರಾಗುತ್ತದೆ, ಯಾಕೆಂದರೆ ಕೇಳುವವರು ಸಾಮಾನ್ಯವಾಗಿ ಒಳ್ಳೆಯ ಕೆಲಸಗಾರರು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿಯನ್ನು ಎಲ್ಲರೂ 'ಮಗುವಿನ ಹಿತವೇ ಮೊದಲು' ಅಂತ ಹೇಳುತ್ತಾರೆ. ಅದೇ ವಿಧಿಯ ಮೂರನೇ ಭಾಗವನ್ನು ಓದುವವರು ಕಡಿಮೆ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳಲ್ಲಿ ಸಿಬ್ಬಂದಿಯ ಸಂಖ್ಯೆ, ಅವರ ಯೋಗ್ಯತೆ, ಸರಿಯಾದ ಮೇಲ್ವಿಚಾರಣೆ, ಇವು ನಿಗದಿಯಾದ ಮಟ್ಟದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಅಲ್ಲಿದೆ. ಅಂದರೆ ಸಾಕಷ್ಟು ಜನ ಇರಬೇಕು ಅನ್ನುವುದು ನಮ್ಮ ಬೇಡಿಕೆ ಆಗುವುದಕ್ಕೆ ಮುಂಚೆ ಮಗುವಿನ ಹಕ್ಕು.

2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ 8 ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಹುಡುಗಿ ತನ್ನನ್ನು ನೋಡಿಕೊಳ್ಳಬೇಕಾದವರ ಹಿಂಸೆಯಿಂದಲೇ ಸತ್ತಳು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರ ಜನವರಿಯಲ್ಲಿ ಬಂತು, 108 ಶಿಫಾರಸುಗಳೊಂದಿಗೆ. ಅದರಲ್ಲಿ ಒಂದು ವಿವರ: ಕಚೇರಿಯ ತನ್ನದೇ ನಿಯಮದ ಪ್ರಕಾರ ಒಬ್ಬರಿಗೆ 12 ಕೇಸು ಮೀರಬಾರದು, ಆ ಹುಡುಗಿಯ ಕೇಸು ಹಿಡಿದಿದ್ದ ಕಾರ್ಯಕರ್ತೆಯ ಹತ್ತಿರ 19 ಇದ್ದವು. ಮೇಲ್ವಿಚಾರಣೆ ಹೆಸರಿಗಷ್ಟೇ ಇತ್ತು. ಆ ವರದಿ ಕೆಳಗಿನವರ ತಪ್ಪನ್ನು ಮುಚ್ಚಿಡಲಿಲ್ಲ, ಆದರೆ ಅದರ ಕಟುವಾದ ಮಾತು ಮೇಲೆ ಕೂತವರ ಬಗ್ಗೆ. ಹೊರೆ ಜಾಸ್ತಿಯಾದರೆ ಮೊದಲು ತಪ್ಪಿಹೋಗುವುದು ಮಗುವಿನ ಜೊತೆ ಕೂತು ಮಾತಾಡುವ ಅರ್ಧ ಗಂಟೆ. ಫಾರಂ ತಪ್ಪಿಹೋಗುವುದಿಲ್ಲ, ಅದನ್ನು ಯಾರಾದರೂ ಕೇಳುತ್ತಾರೆ.

## ಹೊರೆ ಮತ್ತು ಹೊತ್ತು

ಒಬ್ಬರಿಗೆ ಎಷ್ಟು ಕೇಸು ಇರಬೇಕು? ಒಂದು ನಂಬರ್ ಹೇಳಿಬಿಡಿ.

ಎಲ್ಲರಿಗೂ ಬೇಕಾದ್ದು ಇದೇ. ಅಮೆರಿಕದ ಚೈಲ್ಡ್ ವೆಲ್ಫೇರ್ ಲೀಗ್ ಕೊಟ್ಟ ಮಾನದಂಡವನ್ನು ಬಹಳ ಕಡೆ ಉಲ್ಲೇಖಿಸುತ್ತಾರೆ: ತನಿಖೆಯ ಹಂತದ ಕೇಸುಗಳಾದರೆ ತಿಂಗಳಿಗೆ 12, ತನಿಖೆಯ ನಂತರ ಮುಂದುವರಿಯುವ ಸೇವೆಯಾದರೆ 17 ಕುಟುಂಬ. ಮಾತುಕತೆ ಶುರು ಮಾಡಲು ಇದು ಸಾಕು. ಆದರೆ ಬರೀ ಅಂಕಿ ಹಿಡಿದು ಹೋದರೆ ಮೋಸ ಹೋಗುತ್ತೀರಿ.

ಮಗುವನ್ನು ತುರ್ತಾಗಿ ಮನೆಯಿಂದ ಬೇರೆ ಕಡೆ ಸೇರಿಸುವ ಒಂದು ದಿನ ನೋಡಿ. ಬೆಳಗ್ಗೆ ಶಾಲೆಯಿಂದ ಫೋನ್. ಹೋಗಿ ಮಗುವಿನ ಜೊತೆ ಮಾತು. ಆಮೇಲೆ ಪೊಲೀಸರು. ಆಮೇಲೆ ವೈದ್ಯಕೀಯ ತಪಾಸಣೆ, ಅಲ್ಲಿ ಬೆಂಚಿನ ಮೇಲೆ ಕಾಯುವುದು. ಸಂಜೆ ಆಯಿತು, ಇರಿಸಲು ಜಾಗ ಸಿಕ್ಕಿಲ್ಲ. ಒಂದಾದ ಮೇಲೊಂದು ನಂಬರಿಗೆ ಫೋನ್ ಮಾಡುತ್ತಾ ಕೂತಿದ್ದೀರಿ, ಮಗು ಪಕ್ಕದ ಕುರ್ಚಿಯಲ್ಲಿ ಶೂ ಹಾಕಿಕೊಂಡೇ ನಿದ್ದೆ ಹೋಗಿದೆ. ರಾತ್ರಿ ಜಾಗ ಸಿಕ್ಕಿತು, ಬಿಟ್ಟು ಬಂದಿರಿ. ಬೆಳಗಾದರೆ ಕೋರ್ಟಿಗೆ ವರದಿ ಕೊಡಬೇಕು. ಪಟ್ಟಿಯಲ್ಲಿ ಇದು 'ಒಂದು ಕೇಸು'. ಆರು ತಿಂಗಳಿಂದ ಸದ್ದಿಲ್ಲದ, ಮುಚ್ಚಲು ಒಂದು ಸಹಿ ಮಾತ್ರ ಬಾಕಿ ಇರುವ ಫೈಲೂ 'ಒಂದು ಕೇಸು'.

ಅದಕ್ಕೇ ಕೇಸಿಗೆ ತೂಕ ಕೊಡಿ ಅಂತ ಕೇಳಬೇಕು. ಒಂದೇ ಮನೆಯಲ್ಲಿ ಮಕ್ಕಳು ಎಷ್ಟು, ಕೋರ್ಟಿನಲ್ಲಿದೆಯಾ, ಎಷ್ಟು ದೂರ ಓಡಾಡಬೇಕು, ದುಭಾಷಿ ಬೇಕಾ, ಕೇಸು ಹೊಸದಾ ಹಳೆಯದಾ. ಇವಕ್ಕೆ ಅಂಕ ಹಾಕಿ ಕೂಡಿಸಿ. ಹೊಸಬರಿಗೆ ಮೊದಲ ವರ್ಷ ಕಡಿಮೆ ಮಿತಿ ಇರಲಿ. ಮತ್ತೆ ಮುಖ್ಯವಾದದ್ದು ಒಂದಿದೆ, ಇದನ್ನೇ ಬಹಳ ಜನ ಮರೆಯುತ್ತಾರೆ: ರಜೆಯಲ್ಲಿರುವ ಸಹೋದ್ಯೋಗಿಯ ಫೈಲು ನಿಮ್ಮ ಮೇಜಿಗೆ ಬಂದಾಗ ಅದೂ ನಿಮ್ಮ ಲೆಕ್ಕಕ್ಕೆ ಸೇರಬೇಕು. 'ತಾತ್ಕಾಲಿಕವಾಗಿ ನೋಡಿಕೊಳ್ಳಿ' ಅಂತ ಬಂದ ಕೇಸುಗಳು ಯಾವ ಅಂಕಿಯಲ್ಲೂ ಕಾಣದೆ ತಿಂಗಳುಗಟ್ಟಲೆ ಉಳಿಯುತ್ತವೆ.

ಮಿತಿ ಹಾಕಿದ್ರೆ ಉಳಿದ ಮಕ್ಕಳ ಗತಿ ಏನು?

ಮಿತಿ ಇಲ್ಲದಿದ್ದಾಗಲೂ ಆ ಮಕ್ಕಳಿಗೆ ಯಾರೂ ಸಿಗುವುದಿಲ್ಲ, ಫೈಲಿನ ಮೇಲೆ ಒಂದು ಹೆಸರು ಇರುತ್ತದೆ ಅಷ್ಟೇ. ಮಿತಿ ಹಾಕಿದರೆ ಕಾಯುತ್ತಿರುವ ಕೇಸುಗಳ ಪಟ್ಟಿ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿ ಯಾವುದಾದರೂ ಹಿರಿಯ ಅಧಿಕಾರಿಯ ಹೆಸರಿನಲ್ಲಿರಬೇಕು, ದಿನಾ ಒಬ್ಬರು ಅದನ್ನು ನೋಡಿ ಅಪಾಯ ಅಳೆಯಬೇಕು, ವಾರಕ್ಕೊಮ್ಮೆ ಮೇಲಕ್ಕೆ ಹೋಗಬೇಕು. ಕೊರತೆಯ ಜವಾಬ್ದಾರಿ ಬಜೆಟ್ ಇರುವವರ ಹತ್ತಿರ ಇರಲಿ. ಇದಕ್ಕೆ ಮ್ಯಾನೇಜ್‌ಮೆಂಟ್ ಸುಲಭವಾಗಿ ಒಪ್ಪುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಮನೇಲಿದ್ದು ಫೋನ್ ಆನ್ ಇಟ್ಕೊಂಡಿರ್ಬೇಕು ಅಂತಾರೆ. ಅದು ಡ್ಯೂಟಿನಾ, ಅಲ್ವಾ?

ಎಷ್ಟು ಕಟ್ಟಿಹಾಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮೂರು ತೀರ್ಪುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. 2000 ಮತ್ತು 2003ರಲ್ಲಿ ವೈದ್ಯರ ಕೇಸುಗಳಲ್ಲಿ ನ್ಯಾಯಾಲಯ ಹೇಳಿದ್ದು: ಕೆಲಸದ ಜಾಗದಲ್ಲೇ ಇರಬೇಕು ಅಂದರೆ, ಮಲಗಿದ್ದರೂ ಅದು ಕೆಲಸದ ಸಮಯ. 2018ರಲ್ಲಿ ಬೆಲ್ಜಿಯಂನ ಅಗ್ನಿಶಾಮಕದವರೊಬ್ಬರ ಕೇಸಿನಲ್ಲಿ ಇನ್ನೊಂದು ಹೆಜ್ಜೆ: ಕರೆ ಬಂದ 8 ನಿಮಿಷದಲ್ಲಿ ಹಾಜರಾಗಬೇಕು ಅಂದರೆ, ಮನೆಯಲ್ಲಿದ್ದರೂ ಅದು ಕೆಲಸದ ಸಮಯವೇ. ಈ ತೀರ್ಪುಗಳು ಒಕ್ಕೂಟದ ಹೊರಗಿನ ದೇಶಗಳಿಗೆ ಅನ್ವಯಿಸುವುದಿಲ್ಲ, ವಾದಕ್ಕೆ ಮಾತ್ರ ಒಳ್ಳೆಯ ಆಧಾರ.

ಸಮಾಲೋಚನೆಯಲ್ಲಿ ಕೇಳಬೇಕಾದ್ದು ಮೂರು ವಿಷಯ. ಎಷ್ಟು ನಿಮಿಷದಲ್ಲಿ ಉತ್ತರಿಸಬೇಕು. ತಿಂಗಳಿಗೆ ಎಷ್ಟು ರಾತ್ರಿ. ರಾತ್ರಿ 2 ಗಂಟೆಗೆ ಹೊರಗೆ ಹೋಗಿ ಬಂದವರು ಬೆಳಗ್ಗೆ ಎಷ್ಟು ಗಂಟೆಗೆ ಬರಬೇಕು. ಮೂರನೆಯದಕ್ಕೆ ಸ್ಪಷ್ಟ ನಿಯಮ ಇಲ್ಲದಿದ್ದರೆ ಎಲ್ಲರೂ ಮರ್ಯಾದೆಗೆ ಅಂಜಿ 9ಕ್ಕೇ ಬಂದು ಕೂರುತ್ತಾರೆ.

ಅರ್ಧ ದಿನ ಕಂಪ್ಯೂಟರ್ ಮುಂದೇನೇ ಹೋಗುತ್ತೆ. ಇದೂ ಯೂನಿಯನ್ ವಿಷಯನಾ?

ಹೌದು. ಇಂಗ್ಲೆಂಡಿನಲ್ಲಿ ಪ್ರೊಫೆಸರ್ ಐಲೀನ್ ಮನ್ರೋ ಅವರು 2011ರಲ್ಲಿ ಸರ್ಕಾರಕ್ಕೆ ಕೊಟ್ಟ ಪರಿಶೀಲನಾ ವರದಿಯ ಮುಖ್ಯ ದೂರೇ ಇದು: ನಿಯಮ, ಫಾರಂ, ಗಡುವುಗಳು ಬೆಳೆದು ಮಕ್ಕಳ ಜೊತೆ ಕಳೆಯುವ ಸಮಯವನ್ನು ತಿಂದಿವೆ. ಹೊಸ ಫಾರಂ ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಬದಲಾಗಿ ಯಾವ ಹಳೆಯ ಫಾರಂ ಹೋಗುತ್ತದೆ?

## ಸುರಕ್ಷತೆ ಮತ್ತು ಮನಸ್ಸು

ಒಬ್ಬಳೇ ಮನೆ ಭೇಟಿಗೆ ಹೋಗು ಅಂತಾರೆ. ಆಗಲ್ಲ ಅನ್ನಬಹುದಾ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೇ ಒಪ್ಪಂದದ 13ನೇ ವಿಧಿ ಹೀಗೆ ಹೇಳುತ್ತದೆ: ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಗಂಭೀರ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣ ಇದ್ದು ಹಿಂದೆ ಸರಿದರೆ, ಅದಕ್ಕಾಗಿ ನಿಮಗೆ ತೊಂದರೆ ಕೊಡುವಂತಿಲ್ಲ. ಸ್ವೀಡನ್ನಿನ 1977ರ ಕೆಲಸದ ಪರಿಸರ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಸುರಕ್ಷತಾ ಪ್ರತಿನಿಧಿಗೆ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಇದೆ, ಒಂಟಿಯಾಗಿ ಮಾಡುವ ಕೆಲಸಕ್ಕೆ ಅದರಲ್ಲಿ ಬೇರೆಯೇ ಮಾತಿದೆ.

ಆದರೆ ನಮ್ಮ ಕೆಲಸದಲ್ಲಿ ಒಂದು ತೊಡಕು. ನೀವು ಹಿಂದೆ ಸರಿದ ಮನೆಯೊಳಗೆ ಮಗು ಇದೆ. ನಿಮಗೆ ಅಪಾಯ ಅನ್ನಿಸಿದ ಮನೆ ಮಗುವಿಗೆ ಇನ್ನೂ ಅಪಾಯ. ಆದ್ದರಿಂದ 'ಹೋಗಲ್ಲ' ಅನ್ನುವ ಮಾತು 'ಒಬ್ಬಳೇ ಹೋಗಲ್ಲ, ಈಗಲೇ ಇನ್ನೊಬ್ಬರನ್ನು ಕಳಿಸಿ' ಅಂತ ಆಗಬೇಕು. ಆ ಇನ್ನೊಬ್ಬರು ಎಲ್ಲಿಂದ ಬರುತ್ತಾರೆ ಅನ್ನುವುದನ್ನು ಗಲಾಟೆ ನಡೆಯುವ ಸಂಜೆ ಹುಡುಕಬಾರದು, ಸಮಾಲೋಚನೆಯಲ್ಲೇ ತೀರ್ಮಾನ ಆಗಬೇಕು. 2022ರ ಜನವರಿಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮನೆ ಭೇಟಿಗೆ ಹೋಗಿದ್ದ ಮಕ್ಕಳ ರಕ್ಷಣಾ ಸಿಬ್ಬಂದಿಯೊಬ್ಬರ ಕೊಲೆಯಾಯಿತು. ಇಂಥ ಸುದ್ದಿ ಬಂದ ವಾರ ಎಲ್ಲರೂ ಇಬ್ಬಿಬ್ಬರೇ ಹೋಗುತ್ತಾರೆ. ನಿಯಮ ಬರೆದಿಟ್ಟಿದ್ದರೆ ಮಾತ್ರ ಅದು ಮುಂದುವರಿಯುತ್ತದೆ.

ಬರೆಸಿಕೊಳ್ಳಬೇಕಾದ್ದು: ಯಾವ ಭೇಟಿಗೆ ಇಬ್ಬರು ಕಡ್ಡಾಯ, ಆ ವಿಳಾಸದಲ್ಲಿ ಹಿಂದೆ ಏನಾಗಿತ್ತು ಅನ್ನುವ ಮಾಹಿತಿ ಹೋಗುವ ಮುಂಚೆ ಯಾರು ಕೊಡಬೇಕು, ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಯಾರು ಏನು ಮಾಡಬೇಕು. ಕೊನೆಯದು ಬಹಳ ಕಡೆ ಕಾಗದದಲ್ಲಿ ಇರುತ್ತದೆ. ಒಂದು ಸಂಜೆ 7ಕ್ಕೆ ಆ ನಂಬರಿಗೆ ಫೋನ್ ಮಾಡಿ ನೋಡಿ, ಯಾರಾದರೂ ಎತ್ತುತ್ತಾರಾ ಅಂತ.

ಬೈಸಿಕೊಳ್ಳೋದು ಈ ಕೆಲಸದಲ್ಲಿ ಇದ್ದಿದ್ದೇ ಅಂತಾರಲ್ಲ?

ಮಗುವನ್ನು ಕರೆದುಕೊಂಡು ಹೋಗುವಾಗ ತಾಯಿ ಕೂಗಾಡುವುದು ಸಹಜ, ಅದನ್ನು ಯಾರೂ ದೂರಾಗಿ ಬರೆಯುವುದಿಲ್ಲ. 'ನಿನ್ನ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ ಗೊತ್ತು' ಅನ್ನುವುದು ಬೇರೆ. ನಿಮ್ಮ ಫೋಟೊ ಹಾಕಿ ವಿಳಾಸ ಹುಡುಕಿ ಅಂತ ಮೊಬೈಲಿನಲ್ಲಿ ಹಂಚುವುದೂ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಪ್ಪಂದ ಕೆಲಸದ ಜಾಗದ ಹಿಂಸೆಯನ್ನು ಕಚೇರಿಯ ನಾಲ್ಕು ಗೋಡೆಗೆ ಸೀಮಿತ ಮಾಡಿಲ್ಲ. ಕೆಲಸಕ್ಕಾಗಿ ಓಡಾಡುವಾಗ, ಫೋನಿನಲ್ಲಿ, ಆನ್‌ಲೈನಿನಲ್ಲಿ ಆಗುವುದೂ ಅದರಲ್ಲಿ ಸೇರಿದೆ, ಹೊರಗಿನವರಿಂದ ಆಗುವುದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಬೆದರಿಕೆಯನ್ನೂ ಅದೇ ದಿನ ಬರೆದಿಡಿ. ದೂರು ಕೊಡುವುದು ಸಂಸ್ಥೆಯ ಕೆಲಸ ಆಗಲಿ, ಸಿಬ್ಬಂದಿ ತಮ್ಮ ಮನೆ ವಿಳಾಸ ಬರೆದು ಸ್ಟೇಷನ್ನಿಗೆ ಹೋಗುವ ಹಾಗೆ ಆಗಬಾರದು.

ಹೊಡೆತ ತಿಂದಿದ್ದು ಮಗು. ನನಗ್ಯಾಕೆ ನಿದ್ದೆ ಬರಲ್ಲ?

ಇದು ನಿಮ್ಮ ದೌರ್ಬಲ್ಯ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯ ಕೈಪಿಡಿಯಲ್ಲಿ, ಕೆಲಸದ ಕಾರಣಕ್ಕೆ ಆಘಾತದ ವಿವರಗಳನ್ನು ಮತ್ತೆ ಮತ್ತೆ ಕೇಳಬೇಕಾದವರಿಗೂ ಆಘಾತ ನಂತರದ ಒತ್ತಡದ ಕಾಯಿಲೆ ಬರಬಹುದು ಅಂತ ಒಪ್ಪಿಕೊಂಡಿದ್ದಾರೆ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಒಂದು ಮಕ್ಕಳ ಮೇಲಿನ ದೌರ್ಜನ್ಯದ ವಿವರ ಪದೇ ಪದೇ ಕೇಳುವ ಪೊಲೀಸರದು. ಬರ್ನ್‌ಔಟ್ ಇದಕ್ಕಿಂತ ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅನ್ನುವುದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅನ್ನುತ್ತದೆ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮೊದಲನೆಯದಕ್ಕೆ ಚಿಕಿತ್ಸೆ ಬೇಕು, ಎರಡನೆಯದಕ್ಕೆ ಕೆಲಸ ಬದಲಾಗಬೇಕು.

ಇದೆಲ್ಲದಕ್ಕೂ ಉತ್ತರ ಅಂತ ವರ್ಷಕ್ಕೊಮ್ಮೆ ಒತ್ತಡ ನಿವಾರಣೆಯ ಶಿಬಿರ ಇಡುತ್ತಾರೆ. ಉಸಿರಾಟದ ವ್ಯಾಯಾಮ ಒಳ್ಳೆಯದೇ. ಆದರೆ ಶಿಬಿರಕ್ಕೆ ಹೋದ ದಿನದ ಫೈಲುಗಳು ಮರುದಿನಕ್ಕೆ ಕಾದಿರುತ್ತವೆ. ಕೇಳಬೇಕಾದ್ದು: ಕೆಲಸದ ಹೊತ್ತಿನಲ್ಲೇ ನಿಯಮಿತ ಸೂಪರ್‌ವಿಷನ್ (ಮೇಲ್ವಿಚಾರಕರ ಜೊತೆ ಕೂತು ಮಾತಾಡುವುದು), ಅದರಲ್ಲಿ ಫೈಲು ತಪಾಸಣೆಗೆ ಒಂದು ಭಾಗ, ಮನಸ್ಸಿನ ಮೇಲೆ ಆದದ್ದನ್ನು ಮಾತಾಡಲು ಇನ್ನೊಂದು ಭಾಗ. ಎರಡನೆಯದು ನಿಮ್ಮ ವಾರ್ಷಿಕ ಮೌಲ್ಯಮಾಪನಕ್ಕೆ ಹೋಗಬಾರದು. ಮಗುವೊಂದು ಸತ್ತರೆ ಆ ತಂಡಕ್ಕೆ ಕೆಲವು ದಿನ ಹೊಸ ಕೇಸು ಬರಬಾರದು.

## ಸಮಾಲೋಚನೆಯ ಒಳಗೆ

ಎಲ್ಲಾ ತೀರ್ಮಾನ ಆದ್ಮೇಲೆ ಕರೀತಾರೆ. ಹೋಗ್ಬೇಕಾ?

ಹೋಗಿ, ಆದರೆ ಮೊದಲ ಐದು ನಿಮಿಷದಲ್ಲೇ ಕೇಳಿ: ಇದರಲ್ಲಿ ಇನ್ನೂ ಬದಲಾಗಬಹುದಾದ್ದು ಯಾವುದು? ಬೇರೆ ಯಾವ ಆಯ್ಕೆ ನೋಡಿದಿರಿ, ಅದನ್ನು ಯಾಕೆ ಬಿಟ್ಟಿರಿ? ಜಾರಿಯ ದಿನಾಂಕ ಯಾವಾಗ ನಿಗದಿ ಆಯಿತು? ಉತ್ತರ ಏನೇ ಬರಲಿ, ನಡಾವಳಿಯಲ್ಲಿ ಬರೆಸಿ. ಕಾಫಿ ಆರುವುದರೊಳಗೆ ಗೊತ್ತಾಗುತ್ತದೆ, ಕರೆದದ್ದು ಕೇಳುವುದಕ್ಕಾ, ಹೇಳುವುದಕ್ಕಾ ಅಂತ. ಹೇಳುವುದಕ್ಕೇ ಆದರೆ, 'ನಮಗೆ ಮಾಹಿತಿ ಕೊಟ್ಟರು, ಸಮಾಲೋಚನೆ ನಡೆಯಲಿಲ್ಲ' ಅಂತ ಲಿಖಿತವಾಗಿ ಕೊಟ್ಟು ಬನ್ನಿ. ಹಾಜರಿ ಪಟ್ಟಿಯ ಸಹಿ ಒಪ್ಪಿಗೆಯ ಸಹಿಯಾಗಿ ಬದಲಾಗುವುದನ್ನು ಇದು ತಡೆಯುತ್ತದೆ.

ಪುರಾವೆ ಅಂತ ಏನು ತಗೊಂಡು ಹೋಗ್ಬೇಕು? ಫೈಲ್ ತೋರಿಸ್ಬಹುದಾ?

ಖಂಡಿತ ಬೇಡ. ಮಗುವಿನ ಹೆಸರು ತೆಗೆದರೂ ಬೇಡ. ಊರು, ವಯಸ್ಸು, ಘಟನೆ ಮೂರು ಸೇರಿದರೆ ಗೊತ್ತಾಗಿಬಿಡುತ್ತದೆ. ಗೋಪ್ಯತೆ ಮುರಿದರೆ ಮಗುವಿಗೂ ಹಾನಿ, ನಿಮ್ಮ ಕೆಲಸಕ್ಕೂ ಕುತ್ತು, ನಮ್ಮ ವಾದವೂ ಅಲ್ಲಿಗೇ ಮುಗಿಯುತ್ತದೆ.

ಬದಲಾಗಿ ಎರಡು ವಾರ ಸಮಯದ ಡೈರಿ ಬರೆಯಿರಿ. ಪ್ರತಿ ಗಂಟೆ ಎಲ್ಲಿ ಹೋಯಿತು: ಮಗುವಿನ ಜೊತೆ, ಪ್ರಯಾಣ, ಕೋರ್ಟಿನಲ್ಲಿ ಕಾಯುವುದು, ಫಾರಂ, ಫೋನ್. ಮುಂದೂಡಿದ ಭೇಟಿ ಎಷ್ಟು, ಬಿಟ್ಟ ಊಟ ಎಷ್ಟು. ಇಡೀ ತಂಡ ಒಂದೇ ಎರಡು ವಾರ ಬರೆದರೆ ಅದಕ್ಕೆ ತೂಕ ಜಾಸ್ತಿ. ಹಾಗೇ ಮ್ಯಾನೇಜ್‌ಮೆಂಟಿನಿಂದ ಅವರದೇ ಅಂಕಿಗಳನ್ನು ಕೇಳಿ ಪಡೆಯಿರಿ: ಖಾಲಿ ಹುದ್ದೆ, ಬಿಟ್ಟು ಹೋದವರು, ಅನಾರೋಗ್ಯ ರಜೆ, ಒಂದು ಮಗುವಿಗೆ ವರ್ಷದಲ್ಲಿ ಎಷ್ಟು ಕಾರ್ಯಕರ್ತರು ಬದಲಾದರು. ಕೊನೆಯ ಅಂಕಿಯನ್ನು ಕೇಳಿದಾಗ ಸಾಮಾನ್ಯವಾಗಿ ಕೋಣೆ ಸುಮ್ಮನಾಗುತ್ತದೆ.

ನಮ್ಮವರಲ್ಲೇ ಒಮ್ಮತ ಇಲ್ಲ. ಏನ್ಮಾಡೋದು?

ಇರುವುದು ಸಾಧ್ಯವೂ ಇಲ್ಲ. ಮಕ್ಕಳ ಮನೆಯವರಲ್ಲಿ ಕೆಲವರಿಗೆ 12 ಗಂಟೆಯ ಪಾಳಿ ಬೇಕು, ರಜಾ ದಿನ ಜಾಸ್ತಿ ಸಿಗುತ್ತದೆ ಅಂತ. ಸುರಕ್ಷತಾ ಪ್ರತಿನಿಧಿಗೆ ಅದು ಬೇಡ, ಹತ್ತನೇ ಗಂಟೆಯಲ್ಲಿ ತಾಳ್ಮೆ ಎಷ್ಟು ಉಳಿದಿರುತ್ತದೆ ಅಂತ ಅವರಿಗೆ ಗೊತ್ತು. ಹೊಸಬರಿಗೆ ಮಿತಿ ಬೇಕು, ಹಳಬರಿಗೆ ಅದರಿಂದ ಉಳಿದ ಕೇಸು ತಮ್ಮ ಮೇಲೆ ಬೀಳುವ ಭಯ. ಈ ಜಗಳವನ್ನು ಮ್ಯಾನೇಜ್‌ಮೆಂಟಿನ ಮುಂದೆ ಮಾಡಬೇಡಿ. ಮುಂಚೆಯೇ ಕೂತು ಮಾಡಿ, ಎಷ್ಟು ಹೊತ್ತಾದರೂ ಆಗಲಿ. ಒಮ್ಮತ ಬಾರದ ವಿಷಯಕ್ಕೆ ಒಂದು ತಂಡದಲ್ಲಿ ಮೂರು ತಿಂಗಳು ಪ್ರಯೋಗ ಮಾಡಿ ನೋಡೋಣ ಅಂತ ಇಡಬಹುದು.

ಮುಷ್ಕರ ಮಾಡ್ಬಹುದಾ?

ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಕೆಲಸ ನಿಂತರೆ ಜನರ ಜೀವಕ್ಕೆ, ಸುರಕ್ಷತೆಗೆ, ಆರೋಗ್ಯಕ್ಕೆ ಅಪಾಯ ಆಗುವಂಥ ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ಮಿತಿಗೊಳಿಸಬಹುದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಿತಿಗಳು ಒಪ್ಪುತ್ತವೆ. ತುರ್ತು ಕರೆ, ಮಕ್ಕಳ ಮನೆಯ ಪಾಳಿ ಅದರಲ್ಲಿ ಬರುತ್ತವೆ ಅಂತಲೇ ನಮ್ಮ ಅಭಿಪ್ರಾಯ. ತಿಂಗಳ ಅಂಕಿಅಂಶದ ಪಟ್ಟಿ ಮಾಡುವ ಕೆಲಸ ಅದರಲ್ಲಿ ಬರುವುದಿಲ್ಲ. ಮುಷ್ಕರಕ್ಕಿಂತ ಮುಂಚೆ ಕೈಯಲ್ಲಿರುವ ಅಸ್ತ್ರ ಒಂದಿದೆ: ಒಪ್ಪಂದದಲ್ಲಿ ಬರೆದಷ್ಟೇ ಹೊತ್ತು ಕೆಲಸ. ಸಂಸ್ಥೆ ನಮ್ಮ ಬಿಟ್ಟಿ ಗಂಟೆಗಳ ಮೇಲೆ ಎಷ್ಟು ನಿಂತಿದೆ ಅನ್ನುವುದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಆ ವಾರದಲ್ಲೂ ತುರ್ತು ಕರೆಗೆ ಯಾರು ಹೋಗಬೇಕು ಅಂತ ನಾವೇ ಪಟ್ಟಿ ಮಾಡಿ ಕೊಡಬೇಕು.

ಒಪ್ಪಿಕೊಂಡಿದ್ದು ಕಾಗದದಲ್ಲೇ ಉಳೀತು. ಮುಂದೇನು?

ಮೊದಲು ಕಾಗದವನ್ನೇ ನೋಡಿ. 'ಆದಷ್ಟು ಬೇಗ', 'ಸಾಧ್ಯವಾದ ಮಟ್ಟಿಗೆ' ಅಂತ ಇದ್ದರೆ ಯಾರೂ ಏನನ್ನೂ ಮುರಿದಿಲ್ಲ, ಮುರಿಯಲು ಅಲ್ಲಿ ಏನೂ ಇಲ್ಲ. ಪ್ರತಿ ಅಂಶದ ಎದುರು ಒಂದು ಅಂಕಿ, ಒಂದು ದಿನಾಂಕ, ಒಬ್ಬ ಜವಾಬ್ದಾರ ಅಧಿಕಾರಿ ಇರಬೇಕು. ಜೊತೆಗೆ, ಮಿತಿ ದಾಟಿದರೆ ತಾನಾಗಿಯೇ ಏನಾಗುತ್ತದೆ ಅನ್ನುವುದೂ ಇರಬೇಕು. ಉದಾಹರಣೆಗೆ, ತಂಡದ ಸರಾಸರಿ ಹೊರೆ ಎರಡು ವಾರ ಮಿತಿ ಮೀರಿದರೆ ಹೊಸ ಕೇಸು ಹಂಚುವ ಮುಂಚೆ ಹಿರಿಯ ಅಧಿಕಾರಿ ಲಿಖಿತ ಕಾರಣ ಕೊಟ್ಟು ಸಹಿ ಹಾಕಬೇಕು ಅಂತ. ಸಹಿ ಹಾಕಬೇಕು ಅಂದಾಗ ಮನುಷ್ಯ ಸ್ವಲ್ಪ ಯೋಚಿಸುತ್ತಾನೆ.

ಅಲ್ಲಿಯವರೆಗೆ, ಮಿತಿ ಮೀರಿದ ಪ್ರತಿ ಕೇಸಿಗೂ ನೀವು ಒಂದು ಸಣ್ಣ ಇಮೇಲ್ ಹಾಕಿ. 'ಈ ಕೇಸು ಸೇರಿ ನನ್ನ ಹತ್ತಿರ ಇಷ್ಟಾಯಿತು. ಇದನ್ನು ತೆಗೆದುಕೊಂಡರೆ ಈ ವಾರ ಈ ಎರಡು ಭೇಟಿ ಆಗುವುದಿಲ್ಲ. ಯಾವುದನ್ನು ಬಿಡಲಿ, ತಿಳಿಸಿ.' ದೂರಿನ ಧಾಟಿ ಬೇಡ, ಸೌಮ್ಯವಾಗಿ ಬರೆಯಿರಿ. ಒಂದು ಪ್ರತಿ ಪ್ರತಿನಿಧಿಗೆ. ಮಗುವಿನ ಹೆಸರು ಬೇಡ, ಕೇಸಿನ ನಂಬರೂ ಬೇಡ.